ತೋಟ, ಅಂಗಡಿ, ಮನೆ: ಕೊಡಗಿನ ಸಣ್ಣ ವ್ಯಾಪಾರಿಗೆ ಲೆಕ್ಕಪತ್ರದ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಒಂದೇ ಕಸುಬನ್ನು ನೆಚ್ಚಿ ಕುಳಿತವರು ಕಡಿಮೆ. ಕಾಫಿ ತೋಟ ಇದ್ದವರು ಎರಡು ಕೋಣೆಯ ಹೋಂಸ್ಟೇ ನಡೆಸುತ್ತಾರೆ. ಹೋಂಸ್ಟೇ ಇದ್ದವರು ಕಾಳುಮೆಣಸು, ಜೇನು, ಕಾಫಿ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಇಷ್ಟೆಲ್ಲಕ್ಕೂ ಸಾಮಾನ್ಯವಾಗಿ ಒಂದೇ ಬ್ಯಾಂಕ್ ಖಾತೆ, ಒಂದೇ ಮೊಬೈಲ್, ಒಂದೇ ಕ್ಯೂಆರ್ ಕೋಡ್. ಮಕ್ಕಳ ಶಾಲೆಯ ಶುಲ್ಕವೂ ಅಲ್ಲಿಂದಲೇ, ಗೊಬ್ಬರದ ಹಣವೂ ಅಲ್ಲಿಂದಲೇ. ವರ್ಷದ ಕೊನೆಗೆ ಖಾತೆಯಲ್ಲಿ ಹಣ ಉಳಿದಿದ್ದರೆ ಲಾಭ ಎನ್ನುತ್ತೇವೆ, ಇಲ್ಲದಿದ್ದರೆ ನಷ್ಟ ಎನ್ನುತ್ತೇವೆ.

ಹೀಗೆ ನೋಡಿದರೆ ತಿಳಿಯಲೇಬೇಕಾದ ಒಂದು ಸಂಗತಿ ಕೊನೆಯವರೆಗೂ ತಿಳಿಯುವುದಿಲ್ಲ. ಅಂಗಡಿ ತನ್ನ ಕಾಲ ಮೇಲೆ ನಿಂತಿದೆಯೋ, ಅಥವಾ ತೋಟ ಅದನ್ನು ಸಾಕುತ್ತಿದೆಯೋ? ಎಷ್ಟೋ ಅಂಗಡಿಗಳು ವರ್ಷಗಟ್ಟಲೆ ತೋಟದ ದುಡಿಮೆಯನ್ನು ತಿಂದು ಬದುಕುತ್ತವೆ. ಕಾಫಿಯ ಬೆಲೆ ಬಿದ್ದ ವರ್ಷ ಅದು ಒಮ್ಮೆಲೇ ಬಯಲಾಗುತ್ತದೆ, ಆಗ ಸರಿಪಡಿಸಲು ಹಣವೂ ಇರುವುದಿಲ್ಲ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದ ಕಾಲದಲ್ಲಿ ಬೆಳೆಗಾರ ಬೆಳೆಯನ್ನು ಪೂಲ್‌ಗೆ ಒಪ್ಪಿಸಿ ಕಂತಿನಲ್ಲಿ ಹಣ ಪಡೆಯುತ್ತಿದ್ದ. 1990ರ ದಶಕದಲ್ಲಿ ಹಂತಹಂತವಾಗಿ ಮಾರಾಟ ಮುಕ್ತವಾಯಿತು. ಯಾವಾಗ ಮಾರಬೇಕು, ಯಾರಿಗೆ ಮಾರಬೇಕು, ಸ್ವತಃ ಹುರಿದು ಮಾರಬೇಕೆ ಎಂಬ ತೀರ್ಮಾನಗಳು ಅಂದಿನಿಂದ ನಮ್ಮ ಕೈಗೆ ಬಂದಿವೆ. ಲೆಕ್ಕವಿಲ್ಲದೆ ಆ ತೀರ್ಮಾನಗಳನ್ನು ಮಾಡುವುದು ಹೇಗೆ?

ಈ ಮಾರ್ಗದರ್ಶಿ ಲೆಕ್ಕಶಾಸ್ತ್ರ ಓದದವರಿಗಾಗಿ. ಮಡಿಕೇರಿಯಲ್ಲಿ ನವೆಂಬರ್ 1ರಂದು ತೆರೆದ ಒಂದು ಕಾಫಿ ಪುಡಿ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಂಡು ಒಂದು ಪೂರ್ತಿ ತಿಂಗಳ ಲೆಕ್ಕ ಬರೆಯೋಣ. ಅಂಗಡಿ ಕಲ್ಪಿತ, ಬೆಲೆಗಳು ಲೆಕ್ಕದ ಅನುಕೂಲಕ್ಕೆ ಆರಿಸಿಕೊಂಡವು. ವಿಧಾನ ಮಾತ್ರ ಯಾವ ಅಂಗಡಿಗೂ ಹೊಂದುತ್ತದೆ.

ಮೊದಲ ಹೆಜ್ಜೆ: ಮೂರು ಮನೆ ಮಾಡಿ

ಲೆಕ್ಕಶಾಸ್ತ್ರದ ಮೊದಲ ತತ್ವ, ವ್ಯಾಪಾರ ಬೇರೆ, ಮಾಲೀಕ ಬೇರೆ. ಕಾನೂನಿನ ಕಣ್ಣಿಗೆ ನೀವು ಮತ್ತು ನಿಮ್ಮ ಅಂಗಡಿ ಒಂದೇ ಆಗಿರಬಹುದು, ಆದರೆ ಲೆಕ್ಕದ ಪುಸ್ತಕದಲ್ಲಿ ನೀವು ಅಂಗಡಿಗೆ ಹಣ ಕೊಟ್ಟ ಒಬ್ಬ ಹೊರಗಿನವರು. ನೀವು ಹಾಕಿದ ಹಣ ಅಂಗಡಿಯ ಮೇಲಿರುವ ಹೊಣೆ, ಅದಕ್ಕೆ ಬಂಡವಾಳ ಎನ್ನುತ್ತೇವೆ. ನೀವು ಮನೆಗೆ ತೆಗೆದುಕೊಂಡ ಹಣ ಅಂಗಡಿಯ ಖರ್ಚಲ್ಲ, ನಿಮ್ಮ ಬಂಡವಾಳದಿಂದ ನೀವು ಹಿಂತೆಗೆದದ್ದು.

ಕೊಡಗಿನಲ್ಲಿ ಇದಕ್ಕೆ ಮೂರನೆಯ ಮನೆಯನ್ನೂ ಸೇರಿಸಬೇಕು, ಅದು ತೋಟ. ಆದ್ದರಿಂದ ಅಂಗಡಿಗೆ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಕ್ಯೂಆರ್ ಕೋಡ್ ಆ ಖಾತೆಗೇ ಇರಲಿ. ತೋಟಕ್ಕೆ ಇನ್ನೊಂದು, ಮನೆಗೆ ಮತ್ತೊಂದು. ಹೋಂಸ್ಟೇ ಇದ್ದರೆ ಅದಕ್ಕೂ ಬೇರೆಯೇ ಪುಸ್ತಕ ಬೇಕು. ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವ ಮನಸ್ಸಿದ್ದರೆ ಇದನ್ನೇ ಮಾಡಿ. ಉಳಿದ ಹೆಜ್ಜೆಗಳೆಲ್ಲ ಇದರ ಮೇಲೆ ನಿಲ್ಲುತ್ತವೆ.

ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತೋಟ ಮಾಡುವವರಿಗೆ ಇದು ಇನ್ನೂ ಮುಖ್ಯ. ತೋಟದ ಆದಾಯದಲ್ಲಿ ಹಲವರ ಪಾಲಿರುತ್ತದೆ, ಅಂಗಡಿ ಒಬ್ಬರದ್ದಾಗಿರುತ್ತದೆ. ಎರಡೂ ಬೆರೆತರೆ ತೊಂದರೆ ಪುಸ್ತಕದಲ್ಲಿ ಶುರುವಾಗಿ ಮನೆಯೊಳಕ್ಕೆ ಬರುತ್ತದೆ.

ಎರಡನೆಯ ಹೆಜ್ಜೆ: ಚೀಟಿ ಇಲ್ಲದೆ ಒಂದು ರೂಪಾಯಿಯೂ ಕದಲಬಾರದು

ಪುಸ್ತಕಕ್ಕಿಂತ ಮೊದಲು ವೋಚರ್ ಬೇಕು. ಹಣ ಬಂದರೆ ರಸೀದಿ, ಹಣ ಹೋದರೆ ಬಿಲ್ಲು ಅಥವಾ ಸಹಿ ಹಾಕಿಸಿದ ಪಾವತಿ ಚೀಟಿ. ಅಂಗಡಿಗೆ ಸರಕು ಕೊಡುವ ದೊಡ್ಡ ವರ್ತಕರು ಬಿಲ್ಲು ಕೊಡುತ್ತಾರೆ. ತೊಡಕು ಬರುವುದು ಪಕ್ಕದ ತೋಟದವರಿಂದ ಕೊಂಡಾಗ. ಅವರ ಬಳಿ ಬಿಲ್ಲು ಪುಸ್ತಕ ಇರುವುದಿಲ್ಲ, ಹಾಗಾಗಿ ಖರೀದಿ ಚೀಟಿಯನ್ನು ನೀವೇ ಬರೆಯಬೇಕು. ಅದರಲ್ಲಿ ದಿನಾಂಕ, ಮಾರಿದವರ ಹೆಸರು ಮತ್ತು ಊರು, ಚೀಲಗಳ ಸಂಖ್ಯೆ, ತೂಕ, ತೇವಾಂಶ, ದರ, ಒಟ್ಟು ಮೊತ್ತ, ಪಾವತಿಯಾದ ರೀತಿ, ಕೊನೆಗೆ ಅವರ ಸಹಿ ಇರಲಿ. ಹಣ್ಣಿನ ಸಮೇತ ಒಣಗಿಸಿದ ಚೆರ್ರಿ ಕಾಫಿಯಾದರೆ ಔಟ್‌ಟರ್ನ್ ಕೂಡ ಬರೆಯಿರಿ, ಅಂದರೆ 50 ಕಿಲೋದ ಒಂದು ಚೀಲದಿಂದ ಎಷ್ಟು ಕಿಲೋ ಬೀಜ ಬಂತು ಎಂಬುದು. ಬೆಲೆ ನಿಂತಿರುವುದೇ ಅದರ ಮೇಲೆ, ಚೀಟಿಯಲ್ಲಿ ಅದಿಲ್ಲದಿದ್ದರೆ ದರ ಯಾಕೆ ಹೆಚ್ಚು ಕಡಿಮೆಯಾಯಿತು ಎಂದು ಮುಂದಿನ ವರ್ಷ ನಿಮಗೇ ಗೊತ್ತಾಗುವುದಿಲ್ಲ.

ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಬೆಳೆದವರಿಂದ ನೇರವಾಗಿ ಕೃಷಿ ಉತ್ಪನ್ನ ಕೊಂಡಾಗ ಇದಕ್ಕೆ ವಿನಾಯಿತಿ ಇದೆ. ಅದು ಸಿಗಬೇಕಾದರೆ ಮಾರಿದವರು ಬೆಳೆಗಾರರೇ ಎಂದು ತೋರಿಸುವ ಚೀಟಿ ನಿಮ್ಮ ಬಳಿ ಇರಬೇಕು.

ಮೂರನೆಯ ಹೆಜ್ಜೆ: ಪುಸ್ತಕಗಳು

ಸಣ್ಣ ಅಂಗಡಿಗೆ ನಾಲ್ಕು ಸಾಕು. ನಗದು ಪುಸ್ತಕದಲ್ಲಿ ಬೆಳಗಿನ ಆರಂಭ ಶಿಲ್ಕು (ಕೈಯಲ್ಲಿರುವ ಉಳಿಕೆ ಹಣ), ಬಂದದ್ದು, ಹೋದದ್ದು, ರಾತ್ರಿಯ ಅಖೈರು ಶಿಲ್ಕು. ರೋಜು ಪುಸ್ತಕದಲ್ಲಿ ನಗದಿಲ್ಲದೆ ನಡೆದ ವಹಿವಾಟು. ಖಾತೆ ಪುಸ್ತಕದಲ್ಲಿ ಒಂದೊಂದು ಹೆಸರಿಗೆ ಒಂದೊಂದು ಪುಟ: ಬಾಡಿಗೆಗೆ ಒಂದು, ಮಾರಾಟಕ್ಕೆ ಒಂದು, ಸಾಲ ಕೊಟ್ಟವರಿಗೆ, ಉದ್ರಿ ಒಯ್ದವರಿಗೆ. ನಾಲ್ಕನೆಯದು ದಾಸ್ತಾನು ಪುಸ್ತಕ, ಅದರಲ್ಲಿ ರೂಪಾಯಿಯ ಜೊತೆಗೆ ಕಿಲೋ ಕೂಡ ಬರೆಯಬೇಕು.

ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿಯಂತಹ ತಂತ್ರಾಂಶ ಇದನ್ನೆಲ್ಲ ತಾನೇ ಮಾಡಿಕೊಡುತ್ತದೆ. ಆದರೂ ಮೊದಲ ಎರಡು ಮೂರು ತಿಂಗಳು ಕೈಯಲ್ಲಿ ಬರೆಯಿರಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ. ಯಾವ ಅಂಕಿ ಎಲ್ಲಿಂದ ಬಂತು ಎಂದು ಗೊತ್ತಿಲ್ಲದವರಿಗೆ ಗಣಕಯಂತ್ರ ಕೊಡುವ ವರದಿಯಲ್ಲಿ ತಪ್ಪಿದ್ದರೂ ಕಾಣುವುದಿಲ್ಲ.

ನಾಲ್ಕನೆಯ ಹೆಜ್ಜೆ: ಎರಡು ಬದಿಯ ಬರವಣಿಗೆ

ಪ್ರತಿ ವಹಿವಾಟಿಗೂ ಎರಡು ಬದಿ ಇರುತ್ತದೆ. ಯಂತ್ರ ಬಂತು, ಹಣ ಹೋಯಿತು. ಕಾಫಿ ಬಂತು, ಸಾಲ ಏರಿತು. ಎರಡೂ ಬದಿಗಳನ್ನು ಸಮಾನ ಮೊತ್ತದಲ್ಲಿ ಬರೆಯುವ ಈ ಪದ್ಧತಿಯನ್ನು ಇಟಲಿಯ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ವಿವರಿಸಿದ. ಅಲ್ಲಿನ ವರ್ತಕರು ಅದಕ್ಕೂ ಮೊದಲೇ ಹೀಗೆ ಬರೆಯುತ್ತಿದ್ದರು. ಒಂದು ಬದಿಯನ್ನು ಡೆಬಿಟ್, ಇನ್ನೊಂದನ್ನು ಕ್ರೆಡಿಟ್ ಎನ್ನುತ್ತೇವೆ. ಯಾವುದು ಯಾವ ಬದಿಗೆ ಎಂಬುದಕ್ಕೆ ಮೂರು ಸೂತ್ರಗಳಿವೆ.

ವ್ಯಕ್ತಿ ಅಥವಾ ಸಂಸ್ಥೆಯ ಖಾತೆಯಾದರೆ, ಪಡೆಯುವವರಿಗೆ ಡೆಬಿಟ್, ಕೊಡುವವರಿಗೆ ಕ್ರೆಡಿಟ್.

ನಗದು, ಯಂತ್ರ, ದಾಸ್ತಾನಿನಂತಹ ಸ್ವತ್ತಿನ ಖಾತೆಯಾದರೆ, ಒಳಗೆ ಬಂದದ್ದಕ್ಕೆ ಡೆಬಿಟ್, ಹೊರಗೆ ಹೋದದ್ದಕ್ಕೆ ಕ್ರೆಡಿಟ್.

ಬಾಡಿಗೆ, ಸಂಬಳ, ಮಾರಾಟದಂತಹ ಆದಾಯ ವೆಚ್ಚಗಳ ಖಾತೆಯಾದರೆ, ವೆಚ್ಚ ನಷ್ಟಗಳಿಗೆ ಡೆಬಿಟ್, ಆದಾಯ ಲಾಭಗಳಿಗೆ ಕ್ರೆಡಿಟ್.

ಇಲ್ಲಿ ಹೆಚ್ಚಿನವರು ಎಡವುವುದು ಬ್ಯಾಂಕಿನ ಸಂದೇಶ ನೋಡಿ. ಹಣ ಬಂದಾಗ ಬ್ಯಾಂಕ್ ಕ್ರೆಡಿಟ್ ಎಂದು ಸಂದೇಶ ಕಳಿಸುತ್ತದೆ, ನಮ್ಮ ಪುಸ್ತಕದಲ್ಲಿ ಅದೇ ಹಣ ಬ್ಯಾಂಕ್ ಖಾತೆಯ ಡೆಬಿಟ್ ಬದಿಗೆ ಹೋಗುತ್ತದೆ. ವಿರೋಧವೇನೂ ಇಲ್ಲ. ಬ್ಯಾಂಕ್ ಬರೆಯುವುದು ತನ್ನ ಪುಸ್ತಕವನ್ನು, ಅದರಲ್ಲಿ ಹಣ ಕೊಟ್ಟವರು ನೀವು. ನಿಮ್ಮ ಪುಸ್ತಕದಲ್ಲಿ ಹಣ ಪಡೆದದ್ದು ಬ್ಯಾಂಕ್.

ನವೆಂಬರ್ ತಿಂಗಳ ವಹಿವಾಟು

ಈಗ ಅಂಗಡಿಗೆ ಬರೋಣ. ನಗದು ಮತ್ತು ಬ್ಯಾಂಕನ್ನು ಇಲ್ಲಿ ಒಂದೇ ಖಾತೆಯಾಗಿ ಹಿಡಿದಿದ್ದೇನೆ, ಜಿಎಸ್‌ಟಿಯನ್ನು ಸದ್ಯ ಬದಿಗಿಟ್ಟಿದ್ದೇನೆ.

ಮಾಲೀಕರು 6,00,000 ರೂಪಾಯಿ ಹಾಕಿ ಅಂಗಡಿ ತೆರೆದರು: ಬ್ಯಾಂಕ್ ಡೆಬಿಟ್, ಬಂಡವಾಳ ಕ್ರೆಡಿಟ್. ಹುರಿಯುವ ಮತ್ತು ಪುಡಿ ಮಾಡುವ ಯಂತ್ರಕ್ಕೆ 2,40,000, ಕಪಾಟು ಪೀಠೋಪಕರಣಕ್ಕೆ 36,000, ಕಟ್ಟಡದ ಮುಂಗಡಕ್ಕೆ 1,00,000 ಕೊಟ್ಟರು. ಮೂರರಲ್ಲೂ ಆಯಾ ಸ್ವತ್ತಿಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಇವು ಖರ್ಚಲ್ಲ. ಮುಂಗಡ ವಾಪಸು ಬರುವ ಹಣ, ಯಂತ್ರ ಹಲವು ವರ್ಷ ದುಡಿಯುವ ಸ್ವತ್ತು.

ಕುಶಾಲನಗರದ ಒಂದು ಕ್ಯೂರಿಂಗ್ ವರ್ಕ್ಸ್‌ನಿಂದ (ಒಣ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆ) 300 ಕಿಲೋ ಹಸಿರು, ಅಂದರೆ ಹುರಿಯದ ಬೀಜವನ್ನು ಕಿಲೋಗೆ 400ರಂತೆ ತಂದರು. ಒಟ್ಟು 1,20,000. ಆ ದಿನ ಕೊಟ್ಟದ್ದು 70,000, ಬಾಕಿ 50,000. ಖರೀದಿ 1,20,000 ಡೆಬಿಟ್, ಬ್ಯಾಂಕ್ 70,000 ಕ್ರೆಡಿಟ್, ಸರಕು ಕೊಟ್ಟವರ ಖಾತೆ 50,000 ಕ್ರೆಡಿಟ್.

ಮುಂದಿನದು ಕೊಡಗಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಬರೆಯದೇ ಬಿಡುವ ವಹಿವಾಟು. ಮಾಲೀಕರು ತಮ್ಮದೇ ತೋಟದ 50 ಕಿಲೋ ಒಣ ಕಾಳುಮೆಣಸನ್ನು ಜೀಪಿನಲ್ಲಿ ತಂದು ಅಂಗಡಿಯಲ್ಲಿಟ್ಟರು. ಹಣ ಕೈ ಬದಲಾಗಲಿಲ್ಲ, ಆದ್ದರಿಂದ ಯಾರೂ ಬರೆಯುವುದಿಲ್ಲ. ಬರೆಯಲೇಬೇಕು. ಆ ದಿನ ಮಾರುಕಟ್ಟೆಯಲ್ಲಿ ಕಿಲೋಗೆ 600 ಇದ್ದರೆ ಅದು 30,000 ರೂಪಾಯಿಯ ಸರಕು: ಖರೀದಿ ಡೆಬಿಟ್ 30,000, ಬಂಡವಾಳ ಕ್ರೆಡಿಟ್ 30,000. ತೋಟದ ಪುಸ್ತಕದಲ್ಲಿ ಅದೇ ಮೊತ್ತ ಮೆಣಸಿನ ಆದಾಯ. ಆ ದಿನದ ಸ್ಥಳೀಯ ದರವನ್ನು ಪತ್ರಿಕೆಯಿಂದಲೋ ವ್ಯಾಪಾರಿಯ ದರಪಟ್ಟಿಯಿಂದಲೋ ಕತ್ತರಿಸಿ ಚೀಟಿಗೆ ಲಗತ್ತಿಸಿಡಿ.

ಉಳಿದವು ಸುಲಭ. ಬಾಡಿಗೆ 15,000, ಸಹಾಯಕರ ಸಂಬಳ 12,000, ಪೊಟ್ಟಣಗಳಿಗೆ 2,000 ಪಾವತಿಯಾಯಿತು. ಮಗುವಿನ ಶಾಲೆಗೆ ಅಂಗಡಿಯ ಖಾತೆಯಿಂದ 10,000 ಹೋಯಿತು, ಅದು ಹಿಂತೆಗೆತ. ನವೆಂಬರಿನ ವಿದ್ಯುತ್ ಬಿಲ್ಲು 3,000, ಕಟ್ಟುವುದು ಡಿಸೆಂಬರಿನಲ್ಲಿ. ಆದರೂ ನವೆಂಬರಿನಲ್ಲೇ ವಿದ್ಯುತ್ ಡೆಬಿಟ್, ಕೊಡಬೇಕಾದ ವಿದ್ಯುತ್ ಕ್ರೆಡಿಟ್ ಎಂದು ಬರೆಯಬೇಕು. ಖರ್ಚು ಯಾವ ತಿಂಗಳಿಗೆ ಸೇರಿದೆಯೋ ಆ ತಿಂಗಳಲ್ಲೇ ಕಾಣಬೇಕು, ಹಣ ಯಾವಾಗ ಹೋದರೂ ಸರಿ.

ತಿಂಗಳಲ್ಲಿ 140 ಕಿಲೋ ಕಾಫಿ ಪುಡಿ ಕಿಲೋಗೆ 750ರಂತೆ, 20 ಕಿಲೋ ಮೆಣಸು ಕಿಲೋಗೆ 800ರಂತೆ ಮಾರಾಟವಾಯಿತು. 1,05,000 ಮತ್ತು 16,000, ಒಟ್ಟು 1,21,000. ಇದರಲ್ಲಿ 24 ಕಿಲೋ ಪುಡಿಯನ್ನು ಒಂದು ಹೋಂಸ್ಟೇ ಉದ್ರಿ ಒಯ್ದಿದೆ, ಬರಬೇಕಾದದ್ದು 18,000. ಕೈಗೆ ಬಂದದ್ದು 1,03,000. ಮಾರಾಟ ಖಾತೆಗೆ ಮಾತ್ರ ಪೂರ್ತಿ 1,21,000 ಕ್ರೆಡಿಟ್.

ಐದನೆಯ ಹೆಜ್ಜೆ: ಹುರಿದ ಕಾಫಿಯ ನಿಜವಾದ ಬೆಲೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಕಾಫಿ ಪುಡಿ ಅಂಗಡಿಗಳ ಲಾಭ ಸೋರುವುದು ಈ ಜಾಗದಲ್ಲೇ.

ಹಸಿರು ಬೀಜವನ್ನು ಬಾಣಲೆಗೆ ಹಾಕಿದಾಗ ಮೊದಲು ಒಳಗಿನ ತೇವ ಹೋಗುತ್ತದೆ, ಬೀಜ ಹಳದಿಗೆ ತಿರುಗುತ್ತದೆ, ಮೇಲಿನ ಹೊಟ್ಟು ಹಾರುತ್ತದೆ, ಆಮೇಲೆ ಕಂದಾಗುತ್ತ ಚಟಪಟ ಸಿಡಿಯುತ್ತದೆ. ಗಾತ್ರ ಉಬ್ಬುತ್ತದೆ, ತೂಕ ಇಳಿಯುತ್ತದೆ. ಹುರಿತ ಗಾಢವಾದಷ್ಟೂ ಇಳಿತ ಹೆಚ್ಚು. ಸಾಮಾನ್ಯವಾಗಿ 100 ಕಿಲೋ ಹಸಿರು ಬೀಜಕ್ಕೆ 80ರಿಂದ 85 ಕಿಲೋ ಹುರಿದ ಬೀಜ ಕೈಗೆ ಬರುತ್ತದೆ.

ನಮ್ಮ ಅಂಗಡಿಯವರು 200 ಕಿಲೋ ಹುರಿದರು, ಗಾಢ ಹುರಿತ, ಕೈಗೆ ಬಂದದ್ದು 160 ಕಿಲೋ. ಆ 200 ಕಿಲೋಗೆ ಕೊಟ್ಟ ಬೆಲೆ 80,000. ಅದನ್ನು 160ರಿಂದ ಭಾಗಿಸಿದರೆ ಕಿಲೋ ಪುಡಿಗೆ 500. ಕೊಂಡದ್ದು 400ಕ್ಕೆ ಎಂದು ತಲೆಯಲ್ಲಿಟ್ಟುಕೊಂಡು ಬೆಲೆ ಕಟ್ಟುವವರು ಪ್ರತಿ ಕಿಲೋಗೂ 100 ರೂಪಾಯಿಯ ಇಲ್ಲದ ಲಾಭವನ್ನು ಎಣಿಸುತ್ತಾರೆ. ನಮ್ಮ 140 ಕಿಲೋ ಮಾರಾಟದ ಮೇಲೆ ಅದು 14,000 ರೂಪಾಯಿ.

ಆದ್ದರಿಂದ ಪ್ರತಿ ಹುರಿತಕ್ಕೂ ಒಂದು ಸಾಲು ಬರೆಯಿರಿ: ದಿನಾಂಕ, ಬೀಜದ ಬಗೆ, ಹಾಕಿದ ತೂಕ, ತೆಗೆದ ತೂಕ. ಅರೇಬಿಕಾ ಮತ್ತು ರೊಬಸ್ಟಾ ಬೇರೆ ಬೇರೆ ಬರೆಯಿರಿ. ಚಿಕೋರಿ ಬೆರೆಸುವುದಿದ್ದರೆ ಅದರ ತೂಕ ಮತ್ತು ಬೆಲೆಯನ್ನು ಆ ಮಿಶ್ರಣದ ಲೆಕ್ಕಕ್ಕೆ ಸೇರಿಸಿ, ಶುದ್ಧ ಕಾಫಿಯ ಲೆಕ್ಕಕ್ಕೆ ಬೆರೆಸಬೇಡಿ. ಕೆಲವು ವಾರ ಹೀಗೆ ಬರೆದರೆ ನಿಮ್ಮ ಯಂತ್ರದ ಸರಾಸರಿ ಇಳಿತ ಎಷ್ಟು ಎಂದು ತಿಳಿಯುತ್ತದೆ. ಒಂದು ದಿನ ಅದು ದಿಢೀರನೆ ಏರಿದರೆ ತೇವದ ಬೀಜ ಬಂದಿದೆ, ಅತಿಯಾಗಿ ಹುರಿದಿದೆ, ಅಥವಾ ಸರಕು ಬೇರೆ ದಾರಿ ಹಿಡಿದಿದೆ. ಮೂರರಲ್ಲಿ ಯಾವುದೆಂದು ಅದೇ ವಾರ ಹುಡುಕಬಹುದು.

ಆರನೆಯ ಹೆಜ್ಜೆ: ತಿಂಗಳ ಕೊನೆಯ ತಾಳೆಪಟ್ಟಿ

ಖಾತೆ ಪುಸ್ತಕದ ಪ್ರತಿ ಪುಟದ ಬಾಕಿಯನ್ನು ಎರಡು ಕಾಲಂಗಳಲ್ಲಿ ಇಳಿಸಿ.

ಡೆಬಿಟ್: ನಗದು ಮತ್ತು ಬ್ಯಾಂಕ್ 2,18,000, ಯಂತ್ರ 2,40,000, ಪೀಠೋಪಕರಣ 36,000, ಕಟ್ಟಡದ ಮುಂಗಡ 1,00,000, ಖರೀದಿ 1,50,000, ಬಾಡಿಗೆ 15,000, ಸಂಬಳ 12,000, ವಿದ್ಯುತ್ 3,000, ಪೊಟ್ಟಣ 2,000, ಹಿಂತೆಗೆತ 10,000, ಹೋಂಸ್ಟೇಯಿಂದ ಬರಬೇಕಾದದ್ದು 18,000. ಒಟ್ಟು 8,04,000.

ಕ್ರೆಡಿಟ್: ಬಂಡವಾಳ 6,30,000, ಸರಕು ಕೊಟ್ಟವರಿಗೆ ಬಾಕಿ 50,000, ಕೊಡಬೇಕಾದ ವಿದ್ಯುತ್ 3,000, ಮಾರಾಟ 1,21,000. ಒಟ್ಟು 8,04,000.

ಎರಡೂ ಸಮವಾದರೆ ಕೂಡಿಸುವಲ್ಲಿ ತಪ್ಪಿಲ್ಲ ಎಂದಷ್ಟೇ ಅರ್ಥ. ಇಡೀ ವಹಿವಾಟನ್ನೇ ಬರೆಯಲು ಬಿಟ್ಟಿದ್ದರೆ ತಾಳೆಪಟ್ಟಿ ಅದನ್ನು ಹಿಡಿಯಲಾರದು. ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು, 54 ಬರೆಯುವಲ್ಲಿ 45 ಬರೆದಂತೆ. ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಿದೆ ಎಂದೂ ಹುಡುಕಿ, ಅದು ತಪ್ಪು ಬದಿಗೆ ಹೋಗಿರಬಹುದು.

ಏಳನೆಯ ಹೆಜ್ಜೆ: ಲಾಭ ಎಷ್ಟು?

ನವೆಂಬರ್ 30ರ ರಾತ್ರಿ ದಾಸ್ತಾನನ್ನು ತೂಗಿದರು. ಹಸಿರು ಬೀಜ 100 ಕಿಲೋ, 40,000. ಪುಡಿ 20 ಕಿಲೋ, 10,000. ಮೆಣಸು 30 ಕಿಲೋ, 18,000. ಒಟ್ಟು 68,000. ಇಲ್ಲಿ ಮಾರುವ ಬೆಲೆಯನ್ನು ಹಾಕಬಾರದು. ದಾಸ್ತಾನಿಗೆ ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ಬೆಲೆ, ಎರಡರಲ್ಲಿ ಕಡಿಮೆಯಾದದ್ದು. ಬಾರದ ಲಾಭವನ್ನು ಎಣಿಸಬಾರದು, ಕಾಣುವ ನಷ್ಟವನ್ನು ಮರೆಮಾಚಬಾರದು ಎಂಬುದು ಇದರ ಹಿಂದಿರುವ ತತ್ವ.

ಖರೀದಿ 1,50,000ದಲ್ಲಿ ಉಳಿದ 68,000 ಕಳೆದರೆ ಮಾರಾಟವಾದ ಸರಕಿನ ಬೆಲೆ 82,000. ಮಾರಾಟ 1,21,000. ಒಟ್ಟು ಲಾಭ 39,000.

ಇದರಿಂದ ಬಾಡಿಗೆ 15,000, ಸಂಬಳ 12,000, ವಿದ್ಯುತ್ 3,000, ಪೊಟ್ಟಣ 2,000 ಕಳೆಯಿರಿ. ಜೊತೆಗೆ ಸವಕಳಿ, ಅಂದರೆ ಬಳಸುತ್ತ ಹೋದಂತೆ ಸ್ವತ್ತಿನ ಬೆಲೆಯಲ್ಲಿ ಆಗುವ ಇಳಿತ. ಯಂತ್ರಕ್ಕೆ ವರ್ಷಕ್ಕೆ ಶೇ 15 ಎಂದರೆ ತಿಂಗಳಿಗೆ 3,000, ಪೀಠೋಪಕರಣಕ್ಕೆ ವರ್ಷಕ್ಕೆ ಶೇ 10 ಎಂದರೆ ತಿಂಗಳಿಗೆ 300. ವೆಚ್ಚ ಒಟ್ಟು 35,300. ನಿವ್ವಳ ಲಾಭ 3,700 ರೂಪಾಯಿ.

ಈಗ ಮೆಣಸಿನ ವಹಿವಾಟನ್ನು ನೆನೆಯಿರಿ. ತೋಟದ ಮೆಣಸು ಪುಕ್ಕಟೆ ಎಂದು ಬರೆಯದೇ ಬಿಟ್ಟಿದ್ದರೆ ಮಾರಾಟವಾದ 20 ಕಿಲೋದ 12,000 ರೂಪಾಯಿ ಕೂಡ ಅಂಗಡಿಯ ಲಾಭದಂತೆ ತೋರಿ 15,700 ಕಾಣುತ್ತಿತ್ತು. ಮಾಲೀಕರು ತೃಪ್ತರಾಗಿರುತ್ತಿದ್ದರು. ಅದರಲ್ಲಿ 12,000 ತೋಟ ದುಡಿದದ್ದು. ಅಂಗಡಿ ದುಡಿದದ್ದು 3,700, ಅದೂ ಮಾಲೀಕರು ತಮ್ಮ ಶ್ರಮಕ್ಕೆ ಒಂದು ರೂಪಾಯಿ ಸಂಬಳ ಹಾಕಿಕೊಳ್ಳದೆ. ಈ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ನೋಡಿದವರು ಮುಂದಿನ ತಿಂಗಳು ಬೆಲೆಯನ್ನೋ ಬಾಡಿಗೆಯನ್ನೋ ಹುರಿತವನ್ನೋ ಸರಿಪಡಿಸುತ್ತಾರೆ.

ಅಂಗಡಿಯ ಸ್ವತ್ತು ಎಷ್ಟು, ಹೊಣೆ ಎಷ್ಟು ಎಂದು ತೋರಿಸುವ ಅಢಾವೆ ಪತ್ರಿಕೆ ಹೀಗಿರುತ್ತದೆ. ಸ್ವತ್ತು: ನಗದು ಮತ್ತು ಬ್ಯಾಂಕ್ 2,18,000, ಬರಬೇಕಾದದ್ದು 18,000, ದಾಸ್ತಾನು 68,000, ಮುಂಗಡ 1,00,000, ಯಂತ್ರ 2,37,000, ಪೀಠೋಪಕರಣ 35,700. ಒಟ್ಟು 6,76,700. ಹೊಣೆ: ಸರಕಿನ ಬಾಕಿ 50,000, ವಿದ್ಯುತ್ ಬಾಕಿ 3,000, ಮಾಲೀಕರ ಬಂಡವಾಳ 6,23,700, ಅಂದರೆ 6,30,000ಕ್ಕೆ ಲಾಭ 3,700 ಕೂಡಿ ಹಿಂತೆಗೆದ 10,000 ಕಳೆದದ್ದು. ಒಟ್ಟು 6,76,700. ಲಾಭಕ್ಕಿಂತ ಹಿಂತೆಗೆತ 6,300 ಹೆಚ್ಚಾಗಿದೆ. ಹೀಗೇ ಮುಂದುವರಿದರೆ ಬಂಡವಾಳ ತಿಂಗಳು ತಿಂಗಳೂ ಕರಗುತ್ತದೆ.

ಉದ್ರಿ ಮತ್ತು ಮುಂಗಡ

ಉದ್ರಿ ಬಾಕಿಯನ್ನು ವಯಸ್ಸಿನ ಪ್ರಕಾರ ವಿಂಗಡಿಸಿ: 30 ದಿನದೊಳಗಿನದು, 60 ದಿನದೊಳಗಿನದು, ಅದಕ್ಕೂ ಹಳೆಯದು. ಪರಿಚಿತರ ಊರಿನಲ್ಲಿ ಬಾಕಿ ಕೇಳಲು ಸಂಕೋಚವಾಗುತ್ತದೆ ನಿಜ. ಪ್ರತಿ ತಿಂಗಳ ಮೊದಲ ವಾರ ಎಲ್ಲರಿಗೂ ಖಾತೆಯ ವಿವರ ಕಳಿಸುವ ರೂಢಿ ಮಾಡಿದರೆ ಯಾರಿಗೂ ಅದು ಅವಮಾನವೆನಿಸದು.

ಕಾರ್ಮಿಕರಿಗೆ ಕೊಟ್ಟ ಮುಂಗಡ ಖರ್ಚಲ್ಲ, ಬರಬೇಕಾದ ಹಣ. ವಾರದ ಕೂಲಿಯಲ್ಲಿ ಮುರಿದುಕೊಂಡಾಗ ಮಾತ್ರ ಅಷ್ಟು ಭಾಗ ಕೂಲಿಯ ಖರ್ಚಾಗುತ್ತದೆ. ಅವರ ಬಳಿಯೂ ಒಂದು ಸಣ್ಣ ಪುಸ್ತಕವಿರಲಿ, ಎರಡರಲ್ಲೂ ಒಂದೇ ದಿನ ಬರೆಯಿರಿ. ಓದು ಬಾರದವರಿಗೆ ಓದಿ ಹೇಳಿ. ಮುಂಗಡದ ಲೆಕ್ಕದಲ್ಲಿ ಅನ್ಯಾಯವಾದರೆ ಅದನ್ನು ಹೊರುವವರು ಬಹುತೇಕ ಅವರೇ.

ಹೋಂಸ್ಟೇಯವರಿಗೆ ಇದರ ಇನ್ನೊಂದು ಮುಖವಿದೆ. ಡಿಸೆಂಬರ್ ಕೊನೆಯ ವಾರಕ್ಕೆಂದು ಅತಿಥಿ ನವೆಂಬರಿನಲ್ಲಿ ಕಳಿಸಿದ ಹಣ ಇನ್ನೂ ನಿಮ್ಮ ಆದಾಯವಲ್ಲ. ಅವರು ಬಂದು ಉಳಿಯುವವರೆಗೆ ಅದು ನಿಮ್ಮ ಮೇಲಿನ ಹೊಣೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಪ್ರವಾಸ ನಿಂತಾಗ ಈ ವ್ಯತ್ಯಾಸದ ತೂಕ ಜಿಲ್ಲೆಗೇ ಗೊತ್ತಾಯಿತು. ಮುಂಗಡವನ್ನು ಆದಾಯವೆಂದು ಖರ್ಚು ಮಾಡಿದ್ದರೆ ಹಿಂದಿರುಗಿಸಲು ಹಣ ಎಲ್ಲಿಂದ ತರುವುದು?

ಎಂಟನೆಯ ಹೆಜ್ಜೆ: ಮಾರ್ಚ್ 31

ನಮ್ಮ ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಕೊಡಗಿನ ಬೆಳೆಯ ವರ್ಷ ಇದಕ್ಕೆ ಹೊಂದುವುದಿಲ್ಲ. ಅರೇಬಿಕಾ ಕೊಯ್ಲು ಸುಮಾರಾಗಿ ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಹಾಗಾಗಿ ವರ್ಷ ಮುಗಿಯುವ ದಿನ ಗೋದಾಮಿನಲ್ಲಿ ಮಾರದ ಚೀಲಗಳು ತುಂಬಿರುತ್ತವೆ. ಕೊಯ್ಲಿನ ಕೂಲಿಯೆಲ್ಲ ಈ ವರ್ಷದ ಖರ್ಚಿನಲ್ಲಿದೆ, ಹಣ ಮುಂದಿನ ವರ್ಷ ಬರುತ್ತದೆ. ದಾಸ್ತಾನನ್ನು ಸರಿಯಾಗಿ ಎಣಿಸದಿದ್ದರೆ ಈ ವರ್ಷ ನಷ್ಟ, ಮುಂದಿನ ವರ್ಷ ಭಾರೀ ಲಾಭ ಎಂದು ಕಾಣುತ್ತದೆ. ಎರಡೂ ಸುಳ್ಳು.

ಮಾರ್ಚ್ 31ರಂದು ಇಬ್ಬರು ಕುಳಿತು ತೂಗಿ, ಒಬ್ಬರು ಓದಿ ಇನ್ನೊಬ್ಬರು ಬರೆದು, ಇಬ್ಬರೂ ಸಹಿ ಹಾಕಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಟ್ಟಿರುವ ನಿಮ್ಮ ಕಾಫಿಯೂ ನಿಮ್ಮದೇ ದಾಸ್ತಾನು, ಅಲ್ಲಿಂದ ಬರಹದಲ್ಲಿ ವಿವರ ಪಡೆಯಿರಿ. ಬೆಲೆ ಕಟ್ಟಲು ತೂಕಸಹಿತ ಸರಾಸರಿ ಕ್ರಮ (ಒಟ್ಟು ಕೊಂಡ ಬೆಲೆಯನ್ನು ಒಟ್ಟು ತೂಕದಿಂದ ಭಾಗಿಸುವುದು) ಕಾಫಿಗೆ ಹೊಂದುತ್ತದೆ, ಬೇರೆ ಬೇರೆ ದಿನ ಕೊಂಡ ಬೀಜ ಒಂದೇ ರಾಶಿಯಲ್ಲಿ ಬೆರೆಯುವುದರಿಂದ. ಆರಿಸಿದ ಕ್ರಮವನ್ನು ವರ್ಷ ವರ್ಷ ಬದಲಿಸಬೇಡಿ.

ತೆರಿಗೆಯ ಸವಕಳಿ ಬೇರೆ. ನವೆಂಬರಿನಲ್ಲಿ ಕೊಂಡ ಯಂತ್ರ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾಗುವುದರಿಂದ ಅರ್ಧ ದರ, ಶೇ 7.5, ಅಂದರೆ 18,000 ಮಾತ್ರ. ನಮ್ಮ ಪುಸ್ತಕದಲ್ಲಿ ಐದು ತಿಂಗಳಿಗೆ 15,000 ಬಂದಿರುತ್ತದೆ. ಎರಡು ಅಂಕಿ ಇರುವುದು ತಪ್ಪಲ್ಲ.

ತೆರಿಗೆಯ ದೃಷ್ಟಿಯಿಂದ

ತೋಟ ಮತ್ತು ಅಂಗಡಿಯನ್ನು ಬೇರೆ ಇಡಲು ಕಾನೂನಿನಲ್ಲೂ ಕಾರಣವಿದೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡದೆ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಆದಾಯ ತೆರಿಗೆ ನಿಯಮಗಳ ಪ್ರಕಾರ ಬೆಳೆಗಾರ ತಾನೇ ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ವ್ಯಾಪಾರದ ಆದಾಯವೆಂದು ಪರಿಗಣನೆಯಾಗುತ್ತದೆ. ಬೇರೆಯವರ ಬೀಜ ಕೊಂಡು ಹುರಿದು ಮಾರಿದರೆ ಪೂರ್ತಿ ವ್ಯಾಪಾರದ ಆದಾಯ. ನಿಮ್ಮ ಬೀಜ ಮತ್ತು ಕೊಂಡ ಬೀಜ ಒಂದೇ ರಾಶಿಯಲ್ಲಿದ್ದು ಪುಸ್ತಕದಲ್ಲಿ ಬೇರೆಯಾಗಿರದಿದ್ದರೆ ಈ ಅನುಕೂಲವನ್ನು ರುಜುವಾತು ಮಾಡುವುದು ಕಷ್ಟ. ಶೇ 40ರ ಲೆಕ್ಕ ಬೆಳೆಯಿಂದ ಪುಡಿಯವರೆಗಿನ ಒಟ್ಟು ಆದಾಯದ ಮೇಲೆ ಬರುವುದರಿಂದ ತೋಟದ ಗೊಬ್ಬರ, ಕೂಲಿ, ಔಷಧಿಯ ಚೀಟಿಗಳೂ ಬೇಕೇ ಬೇಕು.

ಜಿಎಸ್‌ಟಿಯಲ್ಲಿ ಬೆಳೆಗಾರ ತನ್ನ ಬೆಳೆಯನ್ನು ಮಾರುವ ಮಟ್ಟಿಗೆ ನೋಂದಣಿ ಬೇಕಿಲ್ಲ. ಸರಕಿನ ವ್ಯಾಪಾರಕ್ಕೆ ವಾರ್ಷಿಕ ವಹಿವಾಟು 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಹುರಿಯದ ಬೀಜಕ್ಕೆ ತೆರಿಗೆ ಇಲ್ಲ, ಹುರಿದದ್ದಕ್ಕೆ ಶೇ 5. ನಮ್ಮ ಅಂಗಡಿ ನೋಂದಣಿಯಾಗಿದ್ದು ಕಿಲೋಗೆ 750 ಎಂಬುದು ತೆರಿಗೆ ಸೇರಿದ ಬೆಲೆಯಾಗಿದ್ದರೆ, ಪುಡಿಯ 1,05,000ದಲ್ಲಿ 5,000 ಸರ್ಕಾರದ್ದು. 3,700ರ ಲಾಭ ಆಗ 1,300ರ ನಷ್ಟವಾಗುತ್ತದೆ. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಬಹುದಾದರೂ ಹಸಿರು ಬೀಜಕ್ಕೆ ತೆರಿಗೆಯೇ ಇಲ್ಲದ ಕಾರಣ ಅಲ್ಲಿಂದ ಹೊಂದಿಸಿಕೊಳ್ಳಲು ಏನೂ ಸಿಗದು. ಗ್ರಾಹಕರಿಂದ ವಸೂಲಾದ ಜಿಎಸ್‌ಟಿಯನ್ನು ಮಾರಾಟಕ್ಕೆ ಸೇರಿಸದೆ ಪ್ರತ್ಯೇಕ ಹೊಣೆ ಖಾತೆಗೆ ಬರೆಯಿರಿ. ದರಗಳೂ ಮಿತಿಗಳೂ ಬದಲಾಗುತ್ತಿರುತ್ತವೆ, ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕಪರಿಶೋಧಕರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ರೂಢಿ ಮತ್ತು ಜೋಪಾನ

ಪ್ರತಿ ರಾತ್ರಿ ಬಾಗಿಲು ಹಾಕುವ ಮೊದಲು ಪೆಟ್ಟಿಗೆಯ ನಗದು ಎಣಿಸಿ ಶಿಲ್ಕು ತಾಳೆ ನೋಡಿ. ಐದು ರೂಪಾಯಿ ವ್ಯತ್ಯಾಸವಿದ್ದರೂ ವ್ಯತ್ಯಾಸವೆಂದೇ ಬರೆಯಿರಿ, ತಿದ್ದಿ ಸರಿ ಮಾಡಬೇಡಿ. ವಾರಕ್ಕೊಮ್ಮೆ ಯುಪಿಐ ಪಟ್ಟಿಯನ್ನು ಬ್ಯಾಂಕಿನ ವಿವರದೊಂದಿಗೆ ಸಾಲು ಸಾಲಾಗಿ ಹೋಲಿಸಿ, ಕೆಲವು ಜಮೆಗಳು ಮರುದಿನ ಬರುತ್ತವೆ. ಮಡಿಕೇರಿಯಲ್ಲಿ ಶುಕ್ರವಾರ ಸಂತೆ, ಅಂಗಡಿ ತುಂಬಿರುತ್ತದೆ, ಆ ದಿನ ಬೇಡ. ಮಳೆಗಾಲದ ಖಾಲಿ ಮಧ್ಯಾಹ್ನಗಳಲ್ಲಿ ಹಿಂದಿನ ತಿಂಗಳುಗಳ ಖಾತೆಗಳನ್ನು ನಿಧಾನವಾಗಿ ಓದಿ ನೋಡಿ.

ಅದೇ ಮಳೆಗಾಲ ಕಾಗದದ ಶತ್ರು. ಯಂತ್ರದಿಂದ ಬರುವ ಹೊಳಪು ಕಾಗದದ ಬಿಲ್ಲುಗಳು ಕೆಲವೇ ತಿಂಗಳಲ್ಲಿ ಮಾಸುತ್ತವೆ, ಬಂದ ದಿನವೇ ಚಿತ್ರ ತೆಗೆದು ತಿಂಗಳವಾರು ಕಡತದಲ್ಲಿ ಹಾಕಿ. ಪುಸ್ತಕಗಳನ್ನು ನೆಲಮಟ್ಟದ ಕಪಾಟಿನಲ್ಲಿ ಇಡಬೇಡಿ. ಒಂದು ಪ್ರತಿ ಅಂಗಡಿಯ ಹೊರಗೆ, ಸಾಧ್ಯವಾದರೆ ಜಿಲ್ಲೆಯ ಹೊರಗಿನ ಸಂಬಂಧಿಕರ ಬಳಿ ಅಥವಾ ಕ್ಲೌಡ್‌ನಲ್ಲಿ ಇರಲಿ. ಗುಡ್ಡ ಕುಸಿದ ನಂತರ ವಿಮೆ ಅಥವಾ ಪರಿಹಾರ ಕೇಳುವಾಗ ಮೊದಲು ಕೇಳುವುದು ದಾಸ್ತಾನಿನ ಪುರಾವೆಯನ್ನು. ಜಿಎಸ್‌ಟಿ ನೋಂದಣಿ ಇದ್ದವರು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಉಳಿಸಿಕೊಳ್ಳಬೇಕು.

ಏಪ್ರಿಲ್ ಎರಡನೆಯ ವಾರ ಲೆಕ್ಕಪರಿಶೋಧಕರ ಬಳಿ ಹೋಗುವಾಗ ತಾಳೆಪಟ್ಟಿ, ಸಹಿಯಾದ ದಾಸ್ತಾನು ಪಟ್ಟಿ, ಮೂರೂ ಬ್ಯಾಂಕ್ ಖಾತೆಗಳ ವಿವರ, ಸಾಲ ಮತ್ತು ಉದ್ರಿ ಪಟ್ಟಿ, ವರ್ಷದಲ್ಲಿ ಕೊಂಡ ಯಂತ್ರಗಳ ಬಿಲ್ಲು, ತೋಟದಿಂದ ಅಂಗಡಿಗೆ ಬಂದ ಸರಕಿನ ಚೀಟಿಗಳು, ಹುರಿತದ ಪುಸ್ತಕ, ಇಷ್ಟನ್ನೂ ಒಯ್ಯಿರಿ.